ಬಾಣಂತಿ ಕೋಣೆಯ ಲಕ್ಷ್ಮಿಚೇಳು

ಮಗಳ ಬಾಣಂತನದ ಹದಿನೇಳನೆಯ ದಿನ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ, ತೊಟ್ಟಿಲ ಮೇಲಿನ ಗೋಡೆಯಲ್ಲಿ ಅದು ಮೊದಲ ಸಲ ಕಾಣಿಸಿಕೊಂಡಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಒಂಬತ್ತಕ್ಕೆ ಧೂಪ ಮುಗಿಯಬೇಕು, ಒಂಬತ್ತೂಕಾಲಿಗೆ ಬಾಣಂತಿ ಮಲಗಿರಬೇಕು ಎಂದು ರಟ್ಟಿನ ಮೇಲೆ ನಾನೇ ಬರೆದು ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದ ವೇಳಾಪಟ್ಟಿಯಲ್ಲಿತ್ತು. ನಾನು ಸಾಂಬ್ರಾಣಿಯ ಕೆಂಡವನ್ನು ಹಿತ್ತಿಲಿಗೆ ಹಾಕಿ ಬರುವಷ್ಟರಲ್ಲಿ ಮಗಳು ಮಗುವನ್ನು ಎತ್ತಿಕೊಂಡು ನಡುಮನೆಗೆ ಬಂದು ನಿಂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಜಾರಿ ಹೆಗಲ ಮೇಲೆ ಬಿದ್ದಿತ್ತು. ಬಿಸಿನೀರು ಹಾಕಿಸಿಕೊಂಡು ಇನ್ನೂ ಅರ್ಧ ಗಂಟೆ ಕಳೆದಿರಲಿಲ್ಲ, ಮೇಲೆ ಫ್ಯಾನು ತಿರುಗುತ್ತಿತ್ತು.

ಒಳಗೆ ಹೋಗು, ಗಾಳಿ ಎಂದೆ. ಅದು ಹೋಗುವವರೆಗೆ ತಾನು ಹೋಗುವುದಿಲ್ಲ ಎಂದಳು.

ಹೋಗಿ ನೋಡಿದೆ. ಬೆರಳುದ್ದದ ಮೈ, ಅದರ ಎರಡೂ ಕಡೆ ಕೂದಲೆಳೆಯಂಥ ಉದ್ದುದ್ದ ಕಾಲುಗಳು. ಮಾಸಿದ ಹಳದಿ ಬಣ್ಣ, ಬೆನ್ನ ಮೇಲೆ ಕಪ್ಪು ಗೆರೆ. ಜರಿ ಅಲ್ಲ, ಜರಿ ಕೆಂಪಗೆ ದಪ್ಪಗಿರುತ್ತದೆ, ಕಾಲು ಗಿಡ್ಡ, ಕಚ್ಚಿದರೆ ಉರಿ ಸಂಜೆಯವರೆಗೂ ಇಳಿಯದು. ಇದು ಲಕ್ಷ್ಮಿಚೇಳು. ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿಯನ್ನು ಕಾಲಿಂದ ತೆಗೆದು ಬೀಸಿದೆ. ಅದು ಬಾಚಣಿಗೆಯೊಂದಕ್ಕೆ ಜೀವ ಬಂದು ಓಡಿದ ಹಾಗೆ ಗೋಡೆಯಗಲ ಓಡಿ ಬೀರುವಿನ ಹಿಂದೆ ಸೇರಿಕೊಂಡಿತು. ಗೋಡೆಯ ಮೇಲೆ ಮೂರು ಕಾಲು ಮಾತ್ರ ಉಳಿದವು. ಮೈಯೇ ಇಲ್ಲದ ಆ ಮೂರು ಕಾಲುಗಳು ಸುಮಾರು ಹೊತ್ತು ತಾವೇ ಮಿಸುಕಾಡುತ್ತಿದ್ದವು. ಮಗಳು ಬಾಗಿಲಿನಿಂದ ಅದನ್ನೂ ನೋಡಿದಳು. ನೋಡದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಓದಿದ್ದು ಹಾಸ್ಟೆಲಿನಲ್ಲಿ, ದುಡಿದದ್ದೂ ಹಾಸ್ಟೆಲಿನಲ್ಲಿ. ಐದನೆಯ ತರಗತಿಯಿಂದ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು, ಗಂಟೆ ಹೊಡೆದಾಗ ದೀಪ ಆರಿಸುವುದು. ಆಮೇಲೆ ಮೂವತ್ತೆರಡು ವರ್ಷ ಆ ಗಂಟೆಯನ್ನು ನಾನೇ ಹೊಡೆಸಿದೆ. ಹೆಚ್ಚು ಕಾಲ ಅರಕಲಗೂಡಿನ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್, ಕೊನೆಯ ಒಂಬತ್ತು ವರ್ಷ ಹಾಸನದಲ್ಲಿ. ಈಗ ಹೊಳೆನರಸೀಪುರದಲ್ಲಿ ನಮ್ಮದೇ ಮನೆ. ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು, ನನಗಿಂತ ಎರಡು ವರ್ಷ ಮೊದಲೇ ನಿವೃತ್ತರಾಗಿ ಗಡಿಯಾರವನ್ನೇ ಮರೆತಿದ್ದಾರೆ. ನಾನು ಮರೆತಿಲ್ಲ.

ಇನ್ನೊಬ್ಬರ ನೂರು ಹೆಣ್ಣುಮಕ್ಕಳನ್ನು ನೋಡಿಕೊಂಡ ಆ ಕಾಲದಲ್ಲಿ ನನ್ನ ಒಬ್ಬಳೇ ಮಗಳು ನುಗ್ಗೇಹಳ್ಳಿಯಲ್ಲಿ ನನ್ನ ತಾಯಿಯ ಹತ್ತಿರ ಬೆಳೆದಳು. ವಾರ್ಡನ್ ಹಾಸ್ಟೆಲಿನಲ್ಲೇ ಇರಬೇಕು. ನನಗೆ ಕೊಟ್ಟಿದ್ದು ಒಂದು ಕೋಣೆ. ಯಜಮಾನರು ಮೂರು ದಿನಕ್ಕೊಮ್ಮೆ ಯಾವುದೋ ಡಿಪೋದಲ್ಲಿ. ತಿಂಗಳ ಎರಡನೆಯ ಶನಿವಾರ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ, ಭಾನುವಾರ ಸಂಜೆ ಹಾಜರಿಗೆ ವಾಪಸ್. ಹಾಗಾಗಿ ಅವಳು ಏಳು ತಿಂಗಳ ಬಸುರಿಯಾಗಿದ್ದಾಗಲೇ ಚನ್ನರಾಯಪಟ್ಟಣದ ಬೀಗಿತ್ತಿಯ ಹತ್ತಿರ ಕೂತು ಕೇಳಿಕೊಂಡಿದ್ದೆ: ಪೂರಾ ಮೂರು ತಿಂಗಳು ಬಾಣಂತನ ನನ್ನ ಮನೆಯಲ್ಲಿ, ಒಂದು ದಿನವೂ ಕಡಿಮೆಯಾಗಬಾರದು. ಆಕೆ ಒಪ್ಪಿದ್ದರು. ಆ ತೊಂಬತ್ತು ದಿನಗಳನ್ನು ನಾನು ಎಷ್ಟು ಕಾದಿದ್ದೆ ಎಂದು ಮಗಳಿಗೆ ಹೇಳಿರಲಿಲ್ಲ. ಹೇಳುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಹಾಸನದ ಆಸ್ಪತ್ರೆಯಿಂದ ಕರೆತರುವ ಒಂದು ತಿಂಗಳು ಮೊದಲೇ ಕೋಣೆಗೆ ಸುಣ್ಣ ಹೊಡೆಸಿದೆ, ಕಿಟಕಿಗೆ ಕಂಬಳಿ ಕಟ್ಟಿಸಿದೆ, ನುಗ್ಗೇಹಳ್ಳಿಯ ತಮ್ಮನ ತೋಟದಿಂದ ಹಂಡೆ ಒಲೆಗೆಂದು ಎರಡು ಗಾಡಿ ತೆಂಗಿನ ಮಟ್ಟೆ, ಕರಟ ತರಿಸಿ ಜೋಡಿಸಿಟ್ಟೆ. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಇಡೀ ಮನೆಗೆ ನೀರು ಹಾಕಿ ತೊಳೆಯುವುದು. ಹುಳಹುಪ್ಪಟೆಗೆ ಎಲ್ಲಿ ಜಾಗ?

ಜಾಗ ಇತ್ತು ಅಂತ ಕಾಣುತ್ತದೆ. ಮರುದಿನ ಎರಡು ಕಂಡವು.

ಬಾಣಂತಿಗೂ ಕೂಸಿಗೂ ನೀರು ಹಾಕಲು ಹಳ್ಳಿಮೈಸೂರಿನಿಂದ ಒಬ್ಬಾಕೆ ಬರುತ್ತಿದ್ದಳು. ಏಳು ಗಂಟೆಯ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವವಳು. ಅರವತ್ತರ ಹೆಂಗಸು, ತಾಲ್ಲೂಕಿನ ಅರ್ಧ ಮಕ್ಕಳ ಮೂಗು ತಿದ್ದಿದವಳು ತಾನು ಎಂಬುದು ಅವಳ ಮಾತು. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ನಾನು ಎರಡನೆಯ ದಿನ ಪೊರಕೆ ಎತ್ತಿದಾಗ ಅವಳು ಒದ್ದೆ ಕೈಯಲ್ಲೇ ಬಂದು ನನ್ನ ಮೊಣಕೈ ಹಿಡಿದಳು.

"ಒಡೀಬ್ಯಾಡಿ ಅಕ್ಕೋರೆ. ಅದು ಲಕ್ಸ್ಮಿಚೇಳು. ಎಣ್ಣು ಕೂಸು ಉಟ್ಟಿರೋ ಮನೆ, ತೊಟ್ಲು ತಾವೇ ಬಂದೈತೆ ಅಂದ್ರೆ ಸುಮ್ಕೆ ಬಂದಿರಾಕಿಲ್ಲ."

ನಾನು ಕೈ ಬಿಡಿಸಿಕೊಳ್ಳುವುದರೊಳಗೆ ಅವಳು ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಿ ತಂದು, ಆ ಹುಳ ಕೂತಿದ್ದ ಕಡೆಗೆ ಒಂದು ಚಿಟಿಕೆ ಎರಚಿದಳು. ಹೊಸ ಸುಣ್ಣದ ಗೋಡೆ. ಹಳದಿ ಕಲೆ. ಹುಳ ಅರಿಶಿನ ಹೊತ್ತುಕೊಂಡು ಬೀರುವಿನ ಹಿಂದೆ ಹೋಯಿತು. ಇವಳು ಅದಕ್ಕೆ ಕೈಮುಗಿದಳು. ಕುಂಕುಮವನ್ನೂ ಹಾಕಬೇಕಿತ್ತಂತೆ, ಡಬ್ಬಿ ಸಿಗಲಿಲ್ಲವಂತೆ.

ನಮ್ಮ ಮನೆಯಲ್ಲಿ ಲಕ್ಷ್ಮಿಯ ಪಟ ಇಲ್ಲ. ನಡುಮನೆಯಲ್ಲಿ ಬುದ್ಧನ ಪಟ ಇದೆ, ಭಾನುವಾರ ಅದರ ಮುಂದೆ ಕೂತು ಪಂಚಶೀಲ ಹೇಳುತ್ತೇವೆ. ನಂಬದ ದೇವರ ಹೆಸರಿನಲ್ಲಿ ಹುಳ ಸಾಕುವ ಮನೆ ಇದಲ್ಲ ಎಂದು ಅವಳಿಗೆ ಹೇಳಿದೆ. ಅಲ್ಲಿಯವರೆಗೆ ಪೇಪರಿನ ಹಿಂದೆ ಇದ್ದ ಯಜಮಾನರು ಅಲ್ಲಿಂದಲೇ ಕೇಳಿದರು:

"ಪಂಚಶೀಲದಲ್ಲಿ ಮೊದಲನೇದು ಯಾವುದು ವಾರ್ಡನ್ ಮೇಡಂ? ಪ್ರಾಣ ತೆಗೆಯೋದಿಲ್ಲ ಅಂತ ನಿನ್ನೆ ಭಾನುವಾರ ತಾನೆ ಹೇಳಿದ್ದು. ಚಪ್ಪಲಿ ಕೈಲಿಟ್ಕೊಂಡೇ ಹೇಳಿದ್ದಾ?"

ನೀವು ಎದ್ದು ಬಂದು ಹಿಡಿದು ಹೊರಗೆ ಹಾಕಿ, ಪುಣ್ಯ ನಿಮಗೇ ಇರಲಿ ಎಂದೆ. ಮೂವತ್ತು ಕಾಲಿರುವ ಪ್ರಯಾಣಿಕರನ್ನು ತಮ್ಮ ಸರ್ವೀಸಿನಲ್ಲೇ ಕೆಳಗಿಳಿಸಿಲ್ಲ ಎಂದು ಪೇಪರು ಮಡಿಸಿ ಹೊರಗೆ ಹೋದರು.

ಮಗಳು ಇದರಲ್ಲಿ ಯಾರ ಮಾತಿಗೂ ಸೇರಲಿಲ್ಲ. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು, ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದಳು. ಇದು ಮನುಷ್ಯರನ್ನು ಕಚ್ಚುವುದು ಅಪರೂಪ, ಕಚ್ಚಿದರೂ ಹೆಚ್ಚೇನಿಲ್ಲ, ಜಿರಳೆ ತಿಂದು ಬದುಕುತ್ತದೆ ಎಂದು ತಾನೇ ನಮಗೆ ಓದಿ ಹೇಳಿದಳು. ಮತ್ತೇನು ಭಯ ಎಂದೆ. ತಿನ್ನಲಿ ಅಮ್ಮ, ನನ್ನ ಮಗಳ ತೊಟ್ಟಿಲ ಮೇಲೇ ನಿಂತು ಯಾಕೆ ತಿನ್ನಬೇಕು ಎಂದಳು. ಆ ದಿನದಿಂದ ಅವಳು ಹಗಲು ಹೊತ್ತು ಮಲಗುವುದನ್ನೇ ಬಿಟ್ಟು ಮಂಚದ ಮೇಲೆ ಕಾಲು ಮಡಿಸಿ, ಗೋಡೆಗೆ ಬೆನ್ನು ತಾಗಿಸದೆ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಬಾಣಂತಿ ಕೂರಬಾರದು, ಮಲಗಬೇಕು. ಎಷ್ಟು ಸಲ ಹೇಳುವುದು.

ನಾನು ಕೆಲಸಕ್ಕೆ ಇಳಿದೆ. ಎಳೆಕೂಸಿರುವ ಕೋಣೆ, ಔಷಧಿ ಹೊಡೆಯುವಂತಿಲ್ಲ. ಬಚ್ಚಲ ತೂಬಿಗೆ ಬಟ್ಟೆ ತುರುಕಿದೆ. ಬೇವಿನ ಸೊಪ್ಪಿನ ಹೊಗೆ ಹಾಕಿದೆ, ನಾವೆಲ್ಲ ಕೆಮ್ಮಿದೆವು, ಅದು ಕೆಮ್ಮಲಿಲ್ಲ. ಎರಡು ಸಲ ತೊಳೆಯುತ್ತಿದ್ದ ನೆಲವನ್ನು ಮೂರು ಸಲ ತೊಳೆಸಿದೆ. ಪಕ್ಕದ ಮನೆಯವರ ಚರಂಡಿ ಕಾರಣ ಎಂದು ಅವರ ಬಾಗಿಲಿಗೆ ಹೋಗಿ ಹೇಳಿ ಬಂದೆ. ಅವರು ಅಂದಿನಿಂದ ನಮ್ಮ ಕಡೆ ನೋಡುತ್ತಿಲ್ಲ. ಹಳ್ಳಿಮೈಸೂರಿನವಳ ಚೀಲದಲ್ಲಿ ಬರುತ್ತವೇನೋ ಎಂಬ ಅನುಮಾನ ಬಂದು, ಚೀಲವನ್ನು ಜಗಲಿಯಲ್ಲೇ ಇಡು ಎಂದೆ. ಅವಳು ಚೀಲವನ್ನು ನನ್ನ ಮುಂದೆಯೇ ಬಗ್ಗಿಸಿ ಸುರಿದು ತೋರಿಸಿದಳು. ಎಲೆಅಡಿಕೆ, ಒಂದು ಸೀರೆ, ಬಸ್ಸಿನ ಚೀಟಿ. "ಎಣಿಸ್ಕಳಿ ಅಕ್ಕೋರೆ," ಎಂದಳು. ನಾಲ್ಕು ದಿನದಲ್ಲಿ ಐದು ಹುಳ ಹೊಡೆದೆ. ಆರನೆಯ ದಿನ ಹಾಲಿನ ಪಾತ್ರೆಯ ಹತ್ತಿರ ಜಿರಳೆ ಕಂಡಿತು. ಅದುವರೆಗೆ ನನ್ನ ಅಡುಗೆಮನೆಯಲ್ಲಿ ಜಿರಳೆ ಎಂಬುದೇ ಇರಲಿಲ್ಲ. ಇಲ್ಲ ಎಂದು ನಾನು ತಿಳಿದಿದ್ದೆ ಎನ್ನುವುದು ಸರಿ. ಇದ್ದವನ್ನು ಯಾರೋ ಸದ್ದಿಲ್ಲದೆ ಮುಗಿಸುತ್ತಿದ್ದರು.

ಸಾಲದ್ದಕ್ಕೆ ಒಂದು ನೋಟುಬುಕ್ಕು ತೆಗೆದು ಹಾಸ್ಟೆಲಿನ ಹಾಜರಿ ಪುಸ್ತಕದಂತೆ ಗೆರೆ ಎಳೆದೆ. ಕಂಡ ಹೊತ್ತು, ಕಂಡ ಜಾಗ, ಹೋದ ದಿಕ್ಕು. ಯಜಮಾನರು ಅದನ್ನು ನೋಡಿ, ಗೈರುಹಾಜರಾದವರ ಮನೆಗೆ ಕಾಗದ ಬರೀತೀಯಾ ಎಂದು ಕೇಳಿದರು.

ಆ ಭಾನುವಾರ ಬೀಗಿತ್ತಿ ಬಂದರು. ಚನ್ನರಾಯಪಟ್ಟಣದಿಂದ ಸಬ್ಬಸಿಗೆ ಸೊಪ್ಪಿನ ಕಟ್ಟು, ಬೆಳ್ಳುಳ್ಳಿ, ಮೊಮ್ಮಗಳಿಗೆ ಕುಲಾವಿ ತಂದಿದ್ದರು. ಒಳ್ಳೆಯ ಹೆಂಗಸು. ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಬಾಣಂತಿ ಕೋಣೆಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕೋಣೆ ಎಷ್ಟು ಬೆಚ್ಚಗಿದೆ, ನೆಲ ಎಷ್ಟು ಚೊಕ್ಕಟ ಎಂದು ಹೇಳುತ್ತಿರುವಾಗಲೇ ಅವರ ಸೆರಗಿನಿಂದ ಒಂದು ಗೇಣು ದೂರದಲ್ಲಿ ಒಂದು ಲಕ್ಷ್ಮಿಚೇಳು ಗೋಡೆ ಇಳಿದು ಬಂತು. ಅರಿಶಿನದ ಕಲೆಯ ಹತ್ತಿರ ಸ್ವಲ್ಪ ನಿಂತು, ಮತ್ತೆ ಇಳಿದು, ಮಂಚದಡಿ ಹೋಯಿತು. ಬೀಗಿತ್ತಿ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡರು.

ಹೊರಡುವಾಗ ಜಗಲಿಯಲ್ಲಿ ನಿಂತು ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಿ ಬೀಗ್ರೆ. ನಮ್ಮ ಮಹಡಿ ಮೇಲೆ ರೂಮು ಖಾಲಿ ಬಿದ್ದಿದೆ, ಟೈಲ್ಸು ಹಾಕ್ಸಿದೀವಿ. ನಿಮಗೂ ವಯಸ್ಸಾಯ್ತು, ಎಷ್ಟು ಅಂತ ಮಾಡ್ತೀರಿ. ಬುಧವಾರ ಹತ್ತು ಗಂಟೆಗೆ ಕಾರು ಕಳಿಸ್ತೀನಿ."

ನಾನು ಮಗಳ ಕಡೆ ನೋಡಿದೆ. ಬೇಡ ಅತ್ತೆ ಎಂದು ಅವಳು ಹೇಳುತ್ತಾಳೆ ಎಂದು ಕಾದೆ. ಅವಳು ಮಗುವಿನ ಕುಲಾವಿಯ ದಾರ ಕಟ್ಟುತ್ತಿದ್ದಳು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಬೇಡ ಎನ್ನಲಿಲ್ಲ.

ತೊಂಬತ್ತರಲ್ಲಿ ಇಪ್ಪತ್ತನಾಲ್ಕು ದಿನ ಕಳೆದಿತ್ತು. ಉಳಿದದ್ದು ಬುಧವಾರದವರೆಗೆ.

ಸೋಮವಾರ ಮಧ್ಯಾಹ್ನ ಮಗಳನ್ನೂ ಮಗುವನ್ನೂ ಅಡುಗೆಮನೆಯ ಒಲೆಯ ಹತ್ತಿರ ಬೆಚ್ಚಗೆ ಕೂರಿಸಿ, ನಾನೊಬ್ಬಳೇ ಆ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಎರಡರಿಂದ ನಾಲ್ಕು. ಕೈಯಲ್ಲಿ ಟಾರ್ಚು, ತೊಡೆಯ ಮೇಲೆ ನೋಟುಬುಕ್ಕು. ಪೊರಕೆಯನ್ನು ಹೊರಗೇ ಬಿಟ್ಟಿದ್ದೆ. ಹೊಡೆಯಲು ಹೋಗಿ ಒಂದು ಸಲವೂ ಅದು ಎಲ್ಲಿಂದ ಬರುತ್ತದೆ ಎಂದು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಹಾಸ್ಟೆಲಿನಲ್ಲಿ ಗೇಟು ಹಾರಿ ಹೋದ ಹುಡುಗಿಯರ ವಿಷಯದಲ್ಲೂ ನಾನು ಹೀಗೆಯೇ ಮಾಡುತ್ತಿದ್ದೆ. ಶಿಕ್ಷೆ ಮೊದಲು, ಗೋಡೆ ಎಲ್ಲಿ ಗಿಡ್ಡವಿದೆ ಎಂದು ನೋಡುವುದು ಆಮೇಲೆ.

ಕಿಟಕಿಗೆ ಕಂಬಳಿ, ಬಾಗಿಲು ಮುಚ್ಚಿ, ಕೋಣೆ ಕತ್ತಲೆ. ಕತ್ತಲೆಯ ಪ್ರಾಣಿ ಇದು. ಹಗಲು ಯಾಕೆ ತಿರುಗುತ್ತದೆ ಎಂದು ನಾನು ಆಶ್ಚರ್ಯಪಟ್ಟಿದ್ದೆ. ಆ ಕೋಣೆಗೆ ಹಗಲು ಬಂದರೆ ತಾನೆ. ಧೂಪದ ಬಿಸಿ, ಮೂರು ಹೊತ್ತು ತೊಳೆದ ನೆಲದ ಪಸೆ, ಗಾಳಿಯಿಲ್ಲ. ಗೋಡೆಯ ಬುಡಕ್ಕೆ ಕೈ ಇಟ್ಟೆ. ತಣ್ಣಗೆ, ಒದ್ದೆ. ಎರಡೂಮುಕ್ಕಾಲಿಗೆ ಒಂದು ಬಂತು. ಬಚ್ಚಲಮನೆಗೂ ಈ ಕೋಣೆಗೂ ನಡುವಿನ ಗೋಡೆಯಲ್ಲಿ, ನಲ್ಲಿಯ ಪೈಪು ಹಾದುಹೋಗುವ ಕಡೆ, ಪ್ಲಾಸ್ಟರ್ ಉದುರಿ ಒಂದು ಸಂದಿ ಇತ್ತು. ಅದರಿಂದ ಮೀಸೆ ಮೊದಲು ಬಂತು, ಆಮೇಲೆ ಮೈ. ಗೋಡೆಯ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಎಳೆ ಜಿರಳೆ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನದು ರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಅದು ತಿನ್ನುವಾಗ ಉಳಿದ ಕಾಲುಗಳನ್ನೆಲ್ಲ ಅಚ್ಚುಕಟ್ಟಾಗಿ ಅಗಲಿಸಿ ಇಟ್ಟುಕೊಂಡಿತ್ತು. ತಿಂದ ಮೇಲೆ ಒಂದೊಂದೇ ಕಾಲನ್ನು ಬಾಯಿಗೆ ಹಿಡಿದು ಬುಡದಿಂದ ತುದಿಯವರೆಗೆ ಒರೆಸಿಕೊಂಡಿತು. ಎಷ್ಟೋ ವರ್ಷ ಊಟದ ನಂತರ ಕೈ ತೊಳೆಸಲು ಹೋರಾಡಿದವಳು ನಾನು. ಮೆಚ್ಚದೆ ಇರಲಾಗಲಿಲ್ಲ, ಮೆಚ್ಚಿದ್ದಕ್ಕೆ ಸಿಟ್ಟೂ ಬಂತು.

ಅದು ಬಂದ ಸಂದಿಯಲ್ಲೇ ವಾಪಸ್ ಹೋಯಿತು. ನೋಟುಬುಕ್ಕು ತೆರೆದೆ. ಹನ್ನೊಂದು ನಮೂದುಗಳಲ್ಲಿ ಒಂಬತ್ತು ಇದೇ ಗೋಡೆ. ಎಲ್ಲವೂ ನೆಲ ತೊಳೆದ ಒಂದೆರಡು ಗಂಟೆಯೊಳಗೆ.

ಬಚ್ಚಲಮನೆಗೆ ಹೋದೆ. ಅದೇ ಗೋಡೆಯ ಆಚೆ ಮಗ್ಗುಲಿಗೆ ನನ್ನ ಎರಡು ಗಾಡಿ ತೆಂಗಿನ ಮಟ್ಟೆ ನಿಂತಿತ್ತು. ಒಂದು ಸಾಲು ಮಟ್ಟೆ, ಒಂದು ಸಾಲು ಕರಟ, ಮತ್ತೆ ಮಟ್ಟೆ. ದಾರ ಹಿಡಿದು ಜೋಡಿಸಿದ ಹಾಗೆ ನೇರ, ನನ್ನ ತಲೆಗಿಂತ ಎತ್ತರ. ಬಂದು ನೋಡಿದವರೆಲ್ಲ ಹೊಗಳಿದ್ದ ರಾಶಿ. ಗಾಳಿಗೆಂದು ಇದ್ದ ವೆಂಟಿಲೇಟರನ್ನು ಅದು ಪೂರಾ ಮುಚ್ಚಿತ್ತು. ಮೇಲಿನ ಸಾಲಿನಿಂದ ತೆಗೆದು ಒಲೆಗೆ ಹಾಕುತ್ತಿದ್ದೆವು, ಕೆಳಗಿನದನ್ನು ಮುಟ್ಟಿರಲೇ ಇಲ್ಲ. ಅಡಿಯ ಮಟ್ಟೆಯೊಂದನ್ನು ಎಳೆದೆ. ಕೈಯಲ್ಲೇ ಪುಡಿಯಾಯಿತು, ನೀರು ಕುಡಿದು ಕಪ್ಪಗಾಗಿತ್ತು. ದಿನಕ್ಕೆ ಮೂರು ಸಲ ನಾನು ಸುರಿಸಿದ ನೀರು. ಅದರ ಹಿಂದೆ ಜಿರಳೆ, ಬೆಳ್ಳಿಹುಳ, ಹೆಸರಿಲ್ಲದ ಸಣ್ಣ ಪುಟ್ಟವು, ಅವುಗಳ ನಡುವೆ ನಾಲ್ಕೈದು ಲಕ್ಷ್ಮಿಚೇಳುಗಳು ಟಾರ್ಚಿನ ಬೆಳಕಿಗೆ ಚೆದುರಿದವು.

ಅಲ್ಲೇ ಒಲೆಯ ಕಟ್ಟೆಯ ಮೇಲೆ ಕೂತೆ. ಅರಕಲಗೂಡಿನ ಹಾಸ್ಟೆಲಿನಲ್ಲಿ ಆರನೆಯ ತರಗತಿಯ ಒಬ್ಬಳು ಹುಡುಗಿ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಲು ಒಪ್ಪದೆ ಸಾಲಿನಿಂದ ಹೊರಗೆ ನಿಂತಿದ್ದಳು. ಗೋಡೆಯ ಮೇಲೆ ಬಹಳ ಕಾಲಿನದು ಓಡುತ್ತದೆ ಮಿಸ್ ಎಂದಳು. ಗಲೀಜು ಮಾಡುವ ಹುಡುಗಿಯರಿರುವ ಕಡೆ ಹುಳ ಬರುತ್ತವೆ ಎಂದು ಹೇಳಿ, ಒಂದು ವಾರ ಬೆಳಿಗ್ಗೆ ಸಂಜೆ ಬಚ್ಚಲು ತೊಳೆಯುವ ಕೆಲಸ ಅವಳಿಗೇ ಕೊಟ್ಟೆ. ಅವಳು ಅಳುತ್ತ ತೊಳೆದಳು. ಹುಳ ಹೆಚ್ಚಾದವು, ನಾನು ಇನ್ನೊಂದು ವಾರ ಮುಂದುವರಿಸಿದೆ. ಆ ಹುಡುಗಿಗೆ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾಳೋ ಗೊತ್ತಿಲ್ಲ. ಗೊತ್ತಿದ್ದರೆ ಏನು ಹೇಳುತ್ತಿದ್ದೆ ಎಂಬುದೂ ಗೊತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಐದಕ್ಕೆ ನೆಲ ತೊಳೆಯಲಿಲ್ಲ. ಬಕೆಟ್ಟಿನ ಸದ್ದು ಕೇಳದೆ ಯಜಮಾನರಿಗೆ ಎಚ್ಚರವಾಯಿತು, ಮೈ ಸರಿಯಿಲ್ಲವಾ ಎಂದು ಹಣೆ ಮುಟ್ಟಿ ನೋಡಿದರು. ಏಳಿ, ಮಟ್ಟೆ ಹೊರಬೇಕು ಎಂದೆ. ಇಬ್ಬರೂ ಸೇರಿ ಅಷ್ಟನ್ನೂ ಹಿತ್ತಿಲಿನ ಬಿಸಿಲಿಗೆ ಹಾಕಿದೆವು. ಕೊಳೆತದ್ದನ್ನು ಬೇಲಿಯ ಆಚೆ ಗುಂಡಿಗೆ ಹಾಕಿದೆವು. ವೆಂಟಿಲೇಟರಿನ ಧೂಳು ಒರೆಸಿದಾಗ ಬಚ್ಚಲಿಗೆ ಬೆಳಕು ಬಂತು. ಪೈಪಿನ ಸಂದಿಗೆ ಸಿಮೆಂಟು ಕಲಸಿ ಅವರೇ ಮೆತ್ತಿದರು, ಸೊಟ್ಟಗೆ. ನಾನು ಹಾಗೆಯೇ ಬಿಟ್ಟೆ. ಉಳಿದದ್ದು ಕಿಟಕಿಯ ಕಂಬಳಿ.

ಕಂಬಳಿಗೆ ಕೈ ಹಾಕಿದಾಗ ಹಳ್ಳಿಮೈಸೂರಿನವಳು ಬಾಗಿಲಿಗೆ ಅಡ್ಡ ನಿಂತಳು. ಬಾಣಂತಿ ಕ್ವಾಣೆ ಕಿಟಕಿ ತೆಗೆದ ಮನೆಯನ್ನು ತಾನು ಕಂಡಿಲ್ಲ, ಸೀತ ಏರಿ ನಾಳೆ ಸನ್ನಿ ಬಂದರೆ ಜನ ನೀರು ಹಾಕಿದವಳನ್ನೇ ಬೈಯುತ್ತಾರೆ, ಕಂಬಳಿ ತೆಗೆದರೆ ನಾಳೆಯಿಂದ ಬಸ್ಸು ಹತ್ತುವುದಿಲ್ಲ. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಕಿಟಕಿಗೆ ಕಂಬಳಿ ಕಟ್ಟಿಸಿದವಳು ನಾನೇ. ನಾನು ಹೆತ್ತಾಗ ನನ್ನ ತಾಯಿಯೂ ಕಟ್ಟಿಸಿದ್ದಳು. ಬಹಳ ಹೊತ್ತು ವಾದವಾಯಿತು. ಕೊನೆಗೆ, ಹನ್ನೊಂದರಿಂದ ಮೂರರವರೆಗೆ, ಬಿಸಿಲಿರುವಷ್ಟು ಹೊತ್ತು, ತಾಯಿಮಗುವನ್ನು ಅಡುಗೆಮನೆಯಲ್ಲಿ ಬೆಚ್ಚಗೆ ಹೊದಿಸಿ ಕೂರಿಸಿ ಕಿಟಕಿ ತೆಗೆಯುವುದು, ಮೂರರ ಮೇಲೆ ಮತ್ತೆ ಕಂಬಳಿ ಎಂದು ಒಪ್ಪಂದವಾಯಿತು. ಅದಕ್ಕೆ ಬದಲಾಗಿ ಅವಳೊಂದು ಕೇಳಿದಳು: ಇನ್ನು ಮೇಲೆ ಲಕ್ಷ್ಮಿಚೇಳನ್ನು ಹೊಡೆಯಬಾರದು. ನನಗೆ ಲಕ್ಷ್ಮಿಯ ಮೇಲೆ ನಂಬಿಕೆಯಿಲ್ಲ, ಆದರೆ ಜಿರಳೆಯನ್ನು ಯಾರು ತಿನ್ನುತ್ತಾರೆ ಎಂದು ಕಣ್ಣಾರೆ ಕಂಡಿದ್ದೆ. ಒಪ್ಪಿದೆ.

ಕಿಟಕಿ ತೆಗೆದು, ಒಣ ಪೊರಕೆಯಲ್ಲಿ ಕೋಣೆ ಗುಡಿಸಿ ಅಡುಗೆಮನೆಗೆ ಬಂದಾಗ ಮಗಳು ಹಾಲು ಕುಡಿಸುತ್ತಿದ್ದಳು. ಎಲ್ಲ ಸರಿ ಮಾಡಿದ್ದೇನೆ, ಇನ್ನು ಬರುವುದಿಲ್ಲ ಎಂದೆ. ನಾನು ಒಪ್ಪಿಸುವುದು ಯಾವಾಗಲೂ ಹಾಗೆಯೇ, ಮೇಲಧಿಕಾರಿಗೆ ವರದಿ ಕೊಟ್ಟಂತೆ. ಅವಳು ಸೆರಗು ಸರಿಪಡಿಸಿಕೊಂಡಳು.

"ಅಜ್ಜಿ ಮನೇಲಿ ಇವು ಗೋಡೆ ತುಂಬ ಇರ್ತಿದ್ವು ಅಮ್ಮ. ಒಂದ್ಸಲ ನನ್ನ ಕೈ ಮೇಲೆ ಹತ್ತಿ ಹೋಗಿತ್ತು. ಒಂದನೇ ಕ್ಲಾಸಿರ್ಬೇಕು. ನೀನು ಶನಿವಾರ ಬಂದಾಗ ನಿಂಗೆ ಹೇಳ್ದೆ."

ನನಗೆ ನೆನಪಿಲ್ಲ ಎಂದೆ.

"ನೀನು ಯಾವ ಕೈ ಅಂತ ಕೇಳ್ದೆ. ನಾನು ತೋರಿಸ್ದೆ. ನೀನು ನನ್ನ ಉಗುರು ನೋಡಿ, ಕತ್ತರಿಸಿಲ್ಲ ಅಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು. ಒಲೆಯ ಮೇಲೆ ಮೆಣಸಿನ ಸಾರು ಉಕ್ಕಿತು, ಇಳಿಸಿದೆ. ಅವಳಿಗೆ ಅನ್ನ ಬಡಿಸುವ ಹೊತ್ತು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಬಡಿಸಿದೆ. ನಾಳೆ ಕಾರು ಬರುತ್ತದಲ್ಲ, ಏನು ಮಾಡುತ್ತೀ ಎಂದು ಕೇಳಬೇಕೆಂದಿದ್ದೆ. ಬದಲಿಗೆ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಬುಧವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕಾರು ಬಂತು. ಬೀಗಿತ್ತಿಯ ಮನೆಯ ಡ್ರೈವರ್ ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಕೂತ. ನಾನು ಹಿತ್ತಿಲಿನಲ್ಲಿ ಮಟ್ಟೆ ಮಗುಚಿ ಹಾಕುತ್ತಿದ್ದೆ. ಮಗಳ ಬಟ್ಟೆಯ ಚೀಲವನ್ನು ನಾನೇ ಬೆಳಿಗ್ಗೆ ಮಡಿಸಿ ಸಿದ್ಧ ಮಾಡಿ ನಡುಮನೆಯಲ್ಲಿ ಇಟ್ಟಿದ್ದೆ. ಹೋಗುವುದಾದರೆ ಯಾವುದೂ ಮರೆತು ಹೋಗಬಾರದು.

ಒಳಗಿನಿಂದ ಅವಳು "ಅಮ್ಮ" ಎಂದಳು. ಕೂಗಿದ್ದಲ್ಲ, ಕರೆದದ್ದು. ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದೆ. ಕಾಲಿಗೆ ಚಪ್ಪಲಿ ಇರಲಿಲ್ಲ.

ಒಂದು ಇತ್ತು. ತೊಟ್ಟಿಲಿನ ಕಡೆಯ ಗೋಡೆಯಲ್ಲಿ, ಅರಿಶಿನದ ಕಲೆಯ ಕೆಳಗೆ. ಸಂದಿ ಮುಚ್ಚಿದಾಗ ಈಚೆ ಕಡೆ ಉಳಿದುಬಿಟ್ಟಿದ್ದದ್ದು, ವಾಪಸ್ ಹೋಗಲು ದಾರಿ ಹುಡುಕುತ್ತಿತ್ತು. ಮಗಳು ಮಂಚದ ಮೇಲೆ ಮಗುವನ್ನು ತಬ್ಬಿಕೊಂಡು ಕೂತಿದ್ದಳು. ಇವತ್ತೇ, ಈ ಹೊತ್ತಿಗೇ ಬರಬೇಕಾಗಿತ್ತೇ ಎಂದು ಆ ಹುಳದ ಮೇಲೆ ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಸದ್ಯ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೊಡೆಯುವುದಿಲ್ಲ ಎಂದು ಮಾತೂ ಕೊಟ್ಟಾಗಿತ್ತು.

ಮಗುವಿಗೆ ಎಣ್ಣೆ ಬಿಸಿ ಮಾಡುವ ಸ್ಟೀಲಿನ ಬಟ್ಟಲು ಕಿಟಕಿಯಲ್ಲಿತ್ತು. ಅದನ್ನು ಗೋಡೆಗೆ ಕವುಚಿ ಹಿಡಿದೆ. ಅಡಿಗೆ ಜಾರಿಸಲು ಗಟ್ಟಿಯಾದದ್ದು ಏನಾದರೂ ಕೊಡು ಎಂದೆ. ಅವಳು ಮಗುವನ್ನು ಒಂದು ಕೈಯಲ್ಲಿ ಹಿಡಿದು ಎದ್ದು, ಪಕ್ಕದ ಅಡುಗೆಮನೆಗೆ ಹೋಗಿ, ಬಾಗಿಲಿನಲ್ಲಿದ್ದ ನನ್ನ ವೇಳಾಪಟ್ಟಿಯ ರಟ್ಟನ್ನು ಕಿತ್ತು ತಂದಳು. ಅಲ್ಲ, ಅದು ಬೇಡ ಎನ್ನುವಷ್ಟರಲ್ಲಿ ಬಟ್ಟಲಿನ ಅಡಿಗೆ ಅದನ್ನು ತೂರಿಸಿಯೇಬಿಟ್ಟಳು. ಬಟ್ಟಲನ್ನು ಒಳಗಿನಿಂದ ಕೆರೆದಂತೆ ಸದ್ದಾಯಿತು. ಇಬ್ಬರೂ ಹಿಡಿದುಕೊಂಡೇ, ಒಬ್ಬರ ಕಾಲು ಒಬ್ಬರು ತುಳಿಯುತ್ತ, ನಡುಮನೆ ದಾಟಿ ಹಿತ್ತಿಲಿನ ಬಾಗಿಲವರೆಗೆ ಬಂದೆವು. ಡ್ರೈವರ್ ಎದ್ದು ನಿಂತು ನೋಡುತ್ತಿದ್ದ. ಯಜಮಾನರು ದಾರಿ ಬಿಡಿ, ದಾರಿ ಬಿಡಿ ಎಂದು ಯಾರೂ ಇಲ್ಲದ ದಾರಿಯನ್ನು ಬಿಡಿಸಿದರು.

ಬಾಗಿಲಿನಾಚೆ ಬಾಣಂತಿ ಬರಬಾರದು ಎಂದೆ. ಅವಳು ಹೊಸ್ತಿಲಿನಲ್ಲಿ ನಿಂತಳು. ನಾನು ಬೇಲಿಯ ಆಚೆ ಕೊಳೆತ ಮಟ್ಟೆಯ ಗುಂಡಿಗೆ ಅದನ್ನು ಬಿಟ್ಟು ಬಂದೆ. ರಟ್ಟು ಎಣ್ಣೆಯಾಗಿತ್ತು. ಬೆಳಗಿನ ಐದರಿಂದ ಒಂಬತ್ತರವರೆಗಿನ ಬರಹ ಅಳಿಸಿಹೋಗಿತ್ತು.

ಮಗಳು ಹೊಸ್ತಿಲಿನಲ್ಲೇ ಇದ್ದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ನಡುಮನೆಯಲ್ಲಿದ್ದ ಬಟ್ಟೆಯ ಚೀಲವನ್ನು ಒಮ್ಮೆ, ನನ್ನ ಬರಿಗಾಲನ್ನು ಒಮ್ಮೆ ನೋಡಿದಳು.

"ಡ್ರೈವರಣ್ಣಂಗೆ ಕಾಫಿ ಕೊಡು. ಕುಡಿದು ಹೋಗ್ಲಿ. ಅತ್ತೆಗೆ ನಾನೇ ಫೋನ್ ಮಾಡಿ ಹೇಳ್ತೀನಿ."

ಕಾಫಿಗೆ ನೀರಿಟ್ಟೆ. ಅವಳು ಬಟ್ಟೆಯ ಚೀಲವನ್ನು ಕಾಲಿನಿಂದಲೇ ಕೋಣೆಯೊಳಕ್ಕೆ ತಳ್ಳಿದ್ದು ಅಡುಗೆಮನೆಗೆ ಕೇಳಿಸಿತು. ಎಷ್ಟೋ ಕಷ್ಟಪಟ್ಟು ಮಡಿಸಿದ ಬಟ್ಟೆ. ಇನ್ನೊಂದು ದಿನವಾಗಿದ್ದರೆ ಹೇಳುತ್ತಿದ್ದೆ.

ಸಂಜೆ ಹೊಸ ರಟ್ಟಿನ ಮೇಲೆ ವೇಳಾಪಟ್ಟಿಯನ್ನು ಮತ್ತೆ ಬರೆದೆ. ಐದಕ್ಕೆ ನೆಲ ತೊಳೆಯುವುದು ಎಂಬ ಸಾಲನ್ನು ಕೈಬಿಟ್ಟೆ. ಆ ಜಾಗ ಖಾಲಿ ಉಳಿಯಿತು, ನನಗೆ ಖಾಲಿ ಜಾಗ ಹಿಡಿಸುವುದಿಲ್ಲ, ಆದರೂ ಬಿಟ್ಟೆ. ಹನ್ನೊಂದರಿಂದ ಮೂರು, ಕಿಟಕಿ. ವಾರಕ್ಕೊಮ್ಮೆ ಅಡಿಯಿಂದ ಮಟ್ಟೆ ತೆಗೆಯುವುದು. ಲಕ್ಷ್ಮಿಚೇಳು ಪೂರಾ ಹೋಗಲಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಕಾಣಿಸುತ್ತಿತ್ತು, ಮಗಳು ಕರೆಯುತ್ತಿದ್ದಳು, ನಾನು ಬಟ್ಟಲು ಹಿಡಿದು ಹೋಗುತ್ತಿದ್ದೆ. ನನಗೆ ಅದು ಇವತ್ತಿಗೂ ಇಷ್ಟವಿಲ್ಲ. ಅಷ್ಟೊಂದು ಕಾಲು ಯಾವ ಪ್ರಾಣಿಗೂ ಬೇಕಾಗಿಲ್ಲ. ಗೋಡೆಯ ಮೇಲಿನ ಅರಿಶಿನದ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಳ್ಳಿಮೈಸೂರಿನವಳು ಅದನ್ನು ನೋಡಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಬಾಣಂತನ ತೊಂಬತ್ತು ದಿನ ನಡೆಯಿತು. ತೊಂಬತ್ತನೆಯ ದಿನ ಬೀಗಿತ್ತಿಯ ಕಾರು ಮತ್ತೆ ಬಂದಾಗ, ಮಗಳು ಇನ್ನೆರಡು ದಿನ ಇದ್ದು ಬರುತ್ತೇನೆ ಎಂದು ಅದನ್ನು ವಾಪಸ್ ಕಳಿಸಿದಳು. ಆ ಎರಡು ದಿನ ನನ್ನ ಪಟ್ಟಿಯಲ್ಲಿ ಇರಲಿಲ್ಲ.